ಮಳೆ ರಜೆ ಬಂದ ಶುಕ್ರವಾರ: ಕೊಡಗಿನ ಒಂದು ಜಂಟಿ ಪಾಲನೆಯ ಪ್ರಕರಣ

ಈ ಬರಹದಲ್ಲಿ ಬರುವ ತಂದೆ ತಾಯಿ ಇಬ್ಬರೂ ತಮ್ಮ ಅನುಭವ ಬೇರೆಯವರಿಗೆ ಉಪಯೋಗಕ್ಕೆ ಬರಲಿ ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಆದರೂ ಕೊಡಗು ಚಿಕ್ಕ ಜಿಲ್ಲೆ. ಮನೆತನ ಹೇಳಿದರೆ ಊರು, ಊರು ಹೇಳಿದರೆ ಮನೆ ತಿಳಿದುಬಿಡುವ ಜಾಗ. ಆದ್ದರಿಂದ ಗುರುತು ಹತ್ತಬಹುದಾದ ಸಂಗತಿಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಮಕ್ಕಳನ್ನು ಅಕ್ಕ, ತಮ್ಮ ಎಂದಷ್ಟೇ ಕರೆಯುತ್ತೇನೆ. ತಂದೆ ತಾಯಿ ಬೇರೆಯಾದಾಗ ಅಕ್ಕನಿಗೆ 11 ವರ್ಷ, ತಮ್ಮನಿಗೆ 6. ಸಂಧಾನದ ಹಂತದಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿ ನಾನು ಈ ಪ್ರಕರಣಕ್ಕೆ ಬಂದೆ.

ಹಿನ್ನೆಲೆ

ತಂದೆ ಸೋಮವಾರಪೇಟೆ ತಾಲೂಕಿನ ಒಂದು ಹಳ್ಳಿಯ ಸಣ್ಣ ಬೆಳೆಗಾರರು. ಎಂಟು ಎಕರೆ ಅರೇಬಿಕಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಮನೆಯಲ್ಲಿ ವಯಸ್ಸಾದ ಅಜ್ಜಿ. ತಾಯಿ ನರ್ಸಿಂಗ್ ಓದಿದವರು. ಮದುವೆಯಾದ ಮೇಲೆ ಕೆಲಸ ಬಿಟ್ಟು ತೋಟದ ಮನೆಯಲ್ಲಿದ್ದರು. 2018ರ ಆಗಸ್ಟ್ ಮಳೆಯ ನಂತರದ ವರ್ಷಗಳಲ್ಲಿ ಫಸಲು ಕೈಕೊಟ್ಟು ಸಾಲ ಬೆಳೆದಾಗ ಅವರು ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಮನೆಗೆ ಹಣ ಬರತೊಡಗಿದ ಮೇಲೆಯೇ ಜಗಳ ಹೆಚ್ಚಾಯಿತು ಎಂಬುದನ್ನು ಇಬ್ಬರೂ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ಕಾರಣಗಳಿಗೆ ಇಲ್ಲಿ ಇಳಿಯುವುದಿಲ್ಲ. ಒಂದು ಬೇಸಿಗೆಯಲ್ಲಿ ಅವರು ಮಕ್ಕಳನ್ನು ಕರೆದುಕೊಂಡು ಮಡಿಕೇರಿಯಲ್ಲಿ ಬಾಡಿಗೆ ಮನೆ ಮಾಡಿದರು, ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸಿದರು. ತೋಟದ ಮನೆಗೂ ಶಾಲೆಗೂ ನಡುವೆ 30 ಕಿಲೋಮೀಟರಿಗಿಂತ ಹೆಚ್ಚು ದೂರ. ಅದರಲ್ಲಿ ಬಹುಭಾಗ ಮಾದಾಪುರ, ಹಟ್ಟಿಹೊಳೆಯ ಕಡೆಯಿಂದ ಬರುವ, 2018ರಲ್ಲಿ ಕುಸಿದು ಕಡಿದುಹೋಗಿದ್ದ ಅದೇ ರಸ್ತೆ.

ಇಂಥ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಮನೆಯಲ್ಲಿ ಹೊಡೆತ, ಬೆದರಿಕೆ, ಮಕ್ಕಳ ಮೇಲೆ ಕೈಮಾಡುವುದು ಇತ್ತೇ ಎಂಬುದನ್ನು. ಇದ್ದರೆ ಪಾಲನೆಯ ಹಂಚಿಕೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ ರಕ್ಷಣೆಯ ದಾರಿ ಹಿಡಿಯಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮಕ್ಕಳ ತಾತ್ಕಾಲಿಕ ಸುಪರ್ದಿಗೂ ಅವಕಾಶ ಕೊಡುತ್ತದೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆವು. ಇಲ್ಲಿ ಅದು ಇರಲಿಲ್ಲ. ಮುಂದಿನದ್ದೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಸಮಸ್ಯೆ

ತಂದೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿ ಇಬ್ಬರು ಮಕ್ಕಳ ಪೂರ್ತಿ ಸುಪರ್ದಿ ಕೇಳಿದರು. ತಾಯಿಯ ಆಕ್ಷೇಪಣೆಯಲ್ಲೂ ಅದೇ ಬೇಡಿಕೆ ತಿರುಗುಮುರುಗಾಗಿ ಇತ್ತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ; ಇಬ್ಬರೂ ಆ ವಯಸ್ಸು ದಾಟಿದ್ದರು. ಅದರಾಚೆಗೆ ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು, ಮತ್ತು ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಚ್ಛೆಯನ್ನು. ಜಂಟಿ ಸುಪರ್ದಿಯನ್ನು ಹೀಗೇ ಮಾಡಬೇಕೆಂದು ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಅದನ್ನು ಕಾಯ್ದೆಯೊಳಗೆ ತರಲು ಶಿಫಾರಸು ಮಾಡಿದೆ. ಅದಕ್ಕೂ ಮೊದಲು, 2013ರಲ್ಲಿ, ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಲಿ ಎಂದು ಆದೇಶಿಸಿತ್ತು. ತಂದೆಯ ವಕೀಲರು ಈ ತೀರ್ಪನ್ನು ಮುಂದಿಟ್ಟುಕೊಂಡು ಅರ್ಧ ಅರ್ಧ ಹಂಚಿಕೆಯ ಮಾತೆತ್ತಿದ ದಿನದಿಂದ ಚರ್ಚೆಯೆಲ್ಲ ದಿನಗಳ ಲೆಕ್ಕಕ್ಕೆ ಇಳಿಯಿತು. ವರ್ಷದಲ್ಲಿ ಯಾರಿಗೆ ಎಷ್ಟು ದಿನ, ಹಬ್ಬದ ದಿನವನ್ನು ಯಾರ ಖಾತೆಗೆ ಹಾಕುವುದು, ಜ್ವರ ಬಂದು ಮಲಗಿದ ದಿನವನ್ನು ಯಾರು ತುಂಬಿಕೊಡಬೇಕು ಎಂಬ ಮಾತುಗಳಲ್ಲಿ ಕೆಲವು ಭೇಟಿಗಳೇ ಕಳೆದುಹೋದವು.

ಇತ್ತ ಮಕ್ಕಳಲ್ಲಿ ಆಗುತ್ತಿದ್ದುದು ಬೇರೆ. ತಮ್ಮನಿಗೆ ಮಧ್ಯಂತರ ಆದೇಶದಂತೆ ಅಪ್ಪನ ಭೇಟಿ ಇದ್ದ ಭಾನುವಾರಗಳ ಹಿಂದಿನ ರಾತ್ರಿ ಹೊಟ್ಟೆನೋವು ಬರುತ್ತಿತ್ತು; ವೈದ್ಯರು ನೋಡಿ ಏನೂ ಇಲ್ಲ ಎಂದಿದ್ದರು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳಿತ್ತು. ಅಕ್ಕ ಮಾತ್ರ ಎಲ್ಲರ ಕಣ್ಣಿಗೂ ಚೆನ್ನಾಗಿದ್ದಳು. ಓದುತ್ತಿದ್ದಳು, ತಮ್ಮನ ಚೀಲ ತುಂಬಿಸುತ್ತಿದ್ದಳು, ಯಾವ ಮನೆಯಲ್ಲಿದ್ದರೂ ಇನ್ನೊಂದು ಮನೆಯ ಸುದ್ದಿ ಎತ್ತುತ್ತಿರಲಿಲ್ಲ. ಅಳುವ ಮಗುವಿನ ಕಡೆ ಎಲ್ಲರ ಗಮನ ಹೋಗುತ್ತದೆ; ಹೀಗೆ ಅತಿಯಾಗಿ ಹೊಂದಿಕೊಂಡ ಮಗುವೇ ನನಗೆ ಹೆಚ್ಚು ಕಳವಳ ತರುವುದು.

ಮೊದಲ ಏರ್ಪಾಡು

ಸಂಧಾನದಲ್ಲಿ ಮೊದಲು ಒಪ್ಪಿಗೆಯಾದದ್ದು ವಾರಕ್ಕೊಂದು ಮನೆ. ಶುಕ್ರವಾರ ಬೆಳಿಗ್ಗೆ ಒಬ್ಬರು ಶಾಲೆಗೆ ಬಿಡುವುದು, ಸಂಜೆ ಇನ್ನೊಬ್ಬರು ಕರೆದೊಯ್ಯುವುದು. ತಂದೆ ತಾಯಿ ಮುಖಾಮುಖಿಯಾಗುವ ಪ್ರಸಂಗವೇ ಬಾರದಂತೆ ಶಾಲೆಯನ್ನು ನಡುವೆ ಇಟ್ಟದ್ದು ಒಳ್ಳೆಯ ಆಲೋಚನೆಯೇ. ಮಗುವಿನ ಕಣ್ಣಿನಲ್ಲಿ ಅದು ಅಮ್ಮನನ್ನು ಬಿಟ್ಟು ಅಪ್ಪನ ಹತ್ತಿರ ಹೋಗುವುದಾಗಿ ಕಾಣದೆ, ಶಾಲೆಯಿಂದ ಮನೆಗೆ ಹೋಗುವುದಾಗಿ ಕಾಣುತ್ತದೆ. ತಂದೆಯ ವಾರದಲ್ಲಿ ಬೆಳಿಗ್ಗೆ ಆರೂವರೆಗೆ ಜೀಪು ಹೊರಡಬೇಕಿತ್ತು. ಏಪ್ರಿಲ್‌ನಲ್ಲಿ ಕೂತು ಮಾಡಿದ ಈ ಯೋಜನೆ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ಶಾಲೆ ತೆರೆದು ಜೂನ್ ಪೂರ್ತಿ ಹೇಗೋ ನಡೆಯಿತು.

ಜುಲೈಯಲ್ಲಿ ಮಳೆ ಹಿಡಿಯಿತು. ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುವುದಾದರೆ, ಮಳೆ ಜೋರಾದ ದಿನಗಳಲ್ಲಿ ಶಾಲೆಗಳಿಗೆ ರಜೆ ಎಂದು ಜಿಲ್ಲಾಧಿಕಾರಿಗಳ ಪ್ರಕಟಣೆ ಹಿಂದಿನ ರಾತ್ರಿಯೋ ಅದೇ ಬೆಳಿಗ್ಗೆಯೋ ಬರುತ್ತದೆ. ಆ ರಜೆಯನ್ನು ಸರಿದೂಗಿಸಲು ಮುಂದೆ ಶನಿವಾರ ಪೂರ್ತಿ ದಿನ ತರಗತಿ ಇಡುವುದೂ ಉಂಟು. ಶಾಲೆಯೇ ಇಲ್ಲದ ಶುಕ್ರವಾರ ಮಕ್ಕಳನ್ನು ಎಲ್ಲಿ ಹಸ್ತಾಂತರಿಸಬೇಕು ಎಂಬುದು ಒಪ್ಪಂದದಲ್ಲಿ ಇರಲಿಲ್ಲ. ಹಾಗೆಯೇ ದಿನಾ ಸಂಜೆ ಏಳಕ್ಕೆ ವಿಡಿಯೋ ಕರೆ ಎಂದು ಬರೆದಿತ್ತು. ಸುಪ್ರೀಂ ಕೋರ್ಟ್ 2020ರಲ್ಲಿ ದೂರವಿರುವ ತಂದೆ ಅಥವಾ ತಾಯಿಗೆ ಫೋನ್, ವಿಡಿಯೋ ಕರೆಯ ಸಂಪರ್ಕವೂ ಸಿಗಬೇಕು ಎಂದು ಹೇಳಿರುವುದನ್ನು ಆಧರಿಸಿ ಸೇರಿಸಿದ ಕಲಮು ಅದು. ತೋಟದ ಕಡೆ ಕರೆಂಟು ಹೋದರೆ ಮೂರು ನಾಲ್ಕು ದಿನ ಬರುವುದಿಲ್ಲ. ಟವರಿನ ಡೀಸೆಲ್ ಮುಗಿದರೆ ಸಿಗ್ನಲ್ಲೂ ಇಲ್ಲ. ಕರೆ ಬಾರದ ಪ್ರತಿ ಸಂಜೆಯನ್ನೂ ತಾಯಿ ಗುರುತು ಹಾಕಿಟ್ಟರು, ಉದ್ದೇಶಪೂರ್ವಕವಾಗಿ ಮಾತಾಡಿಸುತ್ತಿಲ್ಲ ಎಂದು.

ಒಂದು ಗುರುವಾರ ರಾತ್ರಿ ಮರುದಿನಕ್ಕೆ ರಜೆ ಘೋಷಣೆಯಾಯಿತು. ಶುಕ್ರವಾರದಿಂದ ತಂದೆಯ ವಾರ. ರಸ್ತೆ ಹೇಗಿದೆಯೋ ತಿಳಿಯದು, ನೀವು ಬರಬೇಡಿ ಎಂದು ತಾಯಿ ಕಳಿಸಿದ ಸಂದೇಶ ತೋಟಕ್ಕೆ ತಲುಪಲೇ ಇಲ್ಲ. ತಂದೆ ಬೆಳಿಗ್ಗೆಯೇ ಹೊರಟು, ದಾರಿಯಲ್ಲಿ ಬಿದ್ದಿದ್ದ ಮರವನ್ನು ಕಡಿಯುವವರೆಗೆ ಕಾದು, ನೆನೆದುಕೊಂಡು ಬಾಡಿಗೆ ಮನೆಯ ಗೇಟಿಗೆ ಬಂದು ನಿಂತರು. ತಾಯಿ ಆಗಷ್ಟೇ ರಾತ್ರಿ ಪಾಳಿ ಮುಗಿಸಿ ಬಂದಿದ್ದರು. ಮೆಸೇಜು ನೋಡಿಯೂ ಬಂದಿರಲ್ಲ ಎಂದು ಅವರು, ನನ್ನ ವಾರ ತಪ್ಪಿಸೋಕೆ ಮಳೆ ನೆಪವೇ ಎಂದು ಇವರು. ಅಕ್ಕಪಕ್ಕದವರು ಹೊರಗೆ ಬಂದು ನೋಡುವಷ್ಟು ಮಾತು ಏರಿತು. ಮಕ್ಕಳು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು.

ಮುಂದಿನ ಹಸ್ತಾಂತರದ ದಿನ ಶಾಲೆಯ ಬೆಂಚು ಬಿಟ್ಟು ತಮ್ಮ ಏಳಲಿಲ್ಲ. ವಾಂತಿ ಮಾಡಿಕೊಂಡ.

ಎರಡು ವ್ಯಾಖ್ಯಾನಗಳು

ಈ ನಿರಾಕರಣೆಯನ್ನು ಇಬ್ಬರೂ ತಮಗೆ ಬೇಕಾದ ಹಾಗೆ ಓದಿದರು. ತೋಟದಲ್ಲಿ ಮಗುವಿಗೆ ಏನೋ ಆಗಿದೆ ಎಂದು ತಾಯಿ. ಮಗುವಿಗೆ ಹೇಳಿಕೊಟ್ಟಿದ್ದಾಳೆ ಎಂದು ತಂದೆ. ಎರಡೂ ನಡೆಯಬಹುದಾದ ಸಂಗತಿಗಳೇ ಆದ್ದರಿಂದ ಯಾವುದನ್ನೂ ತಳ್ಳಿಹಾಕುವಂತಿರಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಮರಳಿ ಮುಖ್ಯ ವಿಚಾರಣೆಗೆ ಹೋಗುವ ಅಂಚಿನಲ್ಲಿತ್ತು. ಮಗುವಿನೊಡನೆ ಒಬ್ಬಂಟಿಯಾಗಿ ಕೂರುವ ಅವಕಾಶ ಕೊಡಿ, ಅಲ್ಲಿಯವರೆಗೆ ಏನನ್ನೂ ಸಲ್ಲಿಸಬೇಡಿ ಎಂದು ಎರಡೂ ಕಡೆಯ ವಕೀಲರನ್ನು ಕೇಳಿಕೊಂಡೆ. ಅವರು ಒಪ್ಪಿದ್ದು ಈ ಪ್ರಕರಣದ ಭಾಗ್ಯ. ವಕೀಲರ ಸಹಕಾರವನ್ನು ಇಂಥ ಬರಹಗಳಲ್ಲಿ ಯಾರೂ ಹೆಚ್ಚಾಗಿ ನೆನೆಯುವುದಿಲ್ಲ.

ಆರು ವರ್ಷದ ಮಗುವಿಗೆ ನಿನಗೆ ಯಾರ ಹತ್ತಿರ ಇರಬೇಕು ಎಂದು ಕೇಳುವುದು ಕ್ರೌರ್ಯ. ಎರಡು ಮನೆಗಳ ಚಿತ್ರ ಬರೆಯಲು ಹೇಳಿದೆ, ನಡುವೆ ದಾರಿ. ತೋಟದ ಮನೆಯಲ್ಲಿ ನಾಯಿ, ಕಣದಲ್ಲಿ ಕಾಫಿ, ಅಪ್ಪನ ಜೀಪು. ಮಡಿಕೇರಿಯ ಮನೆಯಲ್ಲಿ ಅಮ್ಮ, ಟಿ.ವಿ. ಎರಡೂ ಮನೆಗಳನ್ನು ಅವನು ಖುಷಿಯಿಂದಲೇ ತುಂಬಿಸಿದ. ಗೇಟನ್ನು ಮಾತ್ರ ಕಪ್ಪು ಬಣ್ಣದಿಂದ ಒತ್ತಿ ಒತ್ತಿ ತಿದ್ದಿದ. ಇಲ್ಲಿ ಏನಾಗುತ್ತೆ ಎಂದರೆ, “ಇಲ್ಲಿ ಬೈತಾರೆ” ಎಂದ. ತೋಟದ ಮನೆಯಲ್ಲಿ ಇಷ್ಟವಿಲ್ಲದ್ದು ಏನಾದರೂ ಇದೆಯಾ ಎಂದದ್ದಕ್ಕೆ ಬಹಳ ಹೊತ್ತು ಯೋಚಿಸಿ, “ಕರೆಂಟಿಲ್ದಾಗ ಅಜ್ಜಿ ಕೇಳ್ತಾರೆ, ಅಮ್ಮನ ಮನೆಗೆ ಯಾರ್ಯಾರು ಬರ್ತಾರೆ ಅಂತ” ಎಂದ. ಇನ್ನೆರಡು ಭೇಟಿಗಳಲ್ಲಿ, ಬೇರೆ ಬೇರೆ ಆಟಗಳಲ್ಲಿ ಇದೇ ಮತ್ತೆ ಬಂತು; ಇದಕ್ಕಿಂತ ಬೇರೇನೂ ಬರಲಿಲ್ಲ. ಮಗು ಹೆದರಿದ್ದು ಅಪ್ಪನಿಗೂ ಅಲ್ಲ, ತೋಟಕ್ಕೂ ಅಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ದಾಟುವ ಆ ಗಳಿಗೆಗೆ. ಹಾಗಾದರೆ ದಿನಗಳನ್ನು ಹೇಗೆ ಹಂಚಿದರೂ ಅವನ ಹೊಟ್ಟೆನೋವು ಹೋಗುವುದಿಲ್ಲ ಎಂಬುದು ನನಗೆ ಖಚಿತವಾಯಿತು. ದಾಟುವಿಕೆಗಳ ಸಂಖ್ಯೆ ಕಡಿಮೆಯಾಗಬೇಕಿತ್ತು, ಇದ್ದವು ಶಾಂತವಾಗಬೇಕಿತ್ತು.

ಅಕ್ಕನ ವಿಷಯ ಹೊರಬಿದ್ದದ್ದು ಆಕಸ್ಮಿಕವಾಗಿ, ಶಾಲೆಯ ಫೀಸಿನ ಚರ್ಚೆಯಲ್ಲಿ. ಎರಡನೇ ಕಂತು ಕಟ್ಟದಿದ್ದರೆ ವಕೀಲರಿಗೆ ಹೇಳುತ್ತೇನೆ ಎಂದು ಎಂದೋ ಹೇಳಿ ಕಳಿಸಿದ್ದೇನೆ ಎಂದರು ತಾಯಿ. ಅರ್ಜೆಂಟಿಲ್ಲ, ಕಾಫಿ ಕೊಟ್ಟ ಮೇಲೆ ಕಟ್ಟಿದರೂ ಆಗುತ್ತೆ ಎಂದು ಹೇಳಿ ಕಳಿಸಿದ್ದರಲ್ಲ ಎಂದರು ತಂದೆ. ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಕರೆಯುವ ಮೊದಲು ಸಂಧಾನಕಾರರು ಕೇಳಿದರು: ಯಾರ ಹತ್ತಿರ ಹೇಳಿ ಕಳಿಸಿದಿರಿ? ಇಬ್ಬರೂ ಸುಮ್ಮನಾದರು. ಬೇರೆಯಾದ ದಿನದಿಂದ ಈ ಮನೆಯ ಮಾತನ್ನು ಆ ಮನೆಗೆ ಹೊರುತ್ತಿದ್ದವಳು ಹನ್ನೊಂದು ವರ್ಷದ ಹುಡುಗಿ. ಜಗಳವಾಗದಂತೆ ಪ್ರತಿ ಮಾತಿನ ಮೊನಚನ್ನು ದಾರಿಯಲ್ಲಿ ತೆಗೆದು, ತನಗೆ ತೋಚಿದ ಮೃದುಮಾತು ಸೇರಿಸಿ ಒಪ್ಪಿಸುತ್ತಿದ್ದಳು. ನಾನು ಅವಳನ್ನು ಕೇಳಿದಾಗ ಮೊದಲು ಅವಳಿಗೆ ಬಂದದ್ದು ಸುಳ್ಳು ಹೇಳಿ ಸಿಕ್ಕಿಬಿದ್ದ ಭಯ. ಈ ಪ್ರಕರಣದ ದಿಕ್ಕು ಬದಲಾದದ್ದು ನನ್ನ ಎಣಿಕೆಯಲ್ಲಿ ಇಲ್ಲಿಯೇ. ಅಲ್ಲಿಯವರೆಗೆ ಇಬ್ಬರೂ ಮಕ್ಕಳಿಗಾಗಿ ಹೋರಾಡುತ್ತಿದ್ದೇವೆ ಎಂದು ನಂಬಿದ್ದರು. ಆ ಹೋರಾಟದ ಹೊರೆಯನ್ನು ಯಾರು ಹೊತ್ತಿದ್ದಾರೆ ಎಂಬುದನ್ನು ಅಂದು ಮೊದಲ ಬಾರಿಗೆ ಒಟ್ಟಿಗೆ ನೋಡಿದರು.

ಬದಲಾಯಿಸಿದ್ದು

ಮೊದಲು ನಿಂತದ್ದು ಮಕ್ಕಳ ಮೂಲಕ ಮಾತು ಕಳಿಸುವುದು. ಮಕ್ಕಳ ವಿಷಯಕ್ಕಷ್ಟೇ ಒಂದು ವಾಟ್ಸಾಪ್ ಗುಂಪು ಮಾಡಿ, ಅದರಲ್ಲಿ ಆರೋಗ್ಯ, ಶಾಲೆ, ಬಟ್ಟೆಬರೆ, ಹೊತ್ತು ಇವುಗಳ ಹೊರತು ಬೇರೇನೂ ಬರೆಯಬಾರದೆಂದು ಗೊತ್ತುಮಾಡಿದೆವು. ಸಿಗ್ನಲ್ ಇಲ್ಲದ ದಿನಗಳಿಗಾಗಿ ತಮ್ಮನ ಶಾಲಾಚೀಲದಲ್ಲಿ ಒಂದು ಪುಸ್ತಕ ಇರಬೇಕೆಂದೂ, ಅದನ್ನು ದೊಡ್ಡವರೇ ಬರೆದು ದೊಡ್ಡವರೇ ಓದಬೇಕೆಂದೂ ಆಯಿತು. ಮೊದಲ ತಿಂಗಳ ಪುಟಗಳು ತಾಲೂಕು ಕಚೇರಿಯ ನೋಟಿಸಿನಂತಿದ್ದವು. ಅದರಲ್ಲಿ ತಪ್ಪೇನಿಲ್ಲ, ಪ್ರೀತಿಯಿಂದ ಬರೆಯಬೇಕೆಂದು ನಾವು ಕೇಳಿಯೇ ಇರಲಿಲ್ಲ.

ಹಸ್ತಾಂತರಕ್ಕೆ ಶಾಲೆಯ ಜೊತೆಗೆ ಇನ್ನೊಂದು ಜಾಗ ಬೇಕಿತ್ತು. ತಂದೆಯ ತಂಗಿ ಮಡಿಕೇರಿಯಲ್ಲೇ ಇದ್ದರು. ಮಕ್ಕಳಿಗೆ ಸೋದರತ್ತೆ, ಬೇರೆಯಾದ ಮೇಲೂ ಅತ್ತಿಗೆಯೊಡನೆ ಮಾತು ಬಿಡದ ಒಬ್ಬರೇ ಒಬ್ಬರು. ತಾಯಿ ಹಿಂಜರಿದರು, “ಏನಿದ್ರೂ ಅವರು ಅವರ ಕಡೆಯವರೇ ಅಲ್ವಾ” ಎಂದರು. ಆದರೆ ಮಕ್ಕಳು ಅತ್ತೆಯ ಮನೆಯಲ್ಲಿ ನಿರಾಳವಾಗಿರುವುದನ್ನು ಅವರೇ ಕಂಡಿದ್ದರು. ಮಳೆ ರಜೆ ಬಂದರೆ ಮಕ್ಕಳು ಇದ್ದ ಮನೆಯಲ್ಲೇ ಇರಬೇಕು, ಶಾಲೆ ತೆರೆದ ಮೊದಲ ದಿನ ದಾಟಬೇಕು, ಹಾಗೆ ತಪ್ಪಿದ ದಿನಗಳನ್ನು ಯಾರೂ ಎಣಿಸಬಾರದು, ಬದಲಿಗೆ ದಸರಾ ರಜೆಯ ಹೆಚ್ಚಿನ ಪಾಲು ತಂದೆಗೆ ಎಂದು ಬರೆದೆವು.

ಇದಕ್ಕೆ ತಂದೆಯನ್ನು ಒಪ್ಪಿಸುವುದೇ ಕಷ್ಟದ ಕೆಲಸವಾಯಿತು. ಅರ್ಧಕ್ಕಿಂತ ಕಡಿಮೆ ದಿನ ಒಪ್ಪಿದರೆ ಊರಿನವರ ಮುಂದೆ ಸೋತಂತೆ ಎಂಬುದು ಅವರ ಅಳುಕು. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಬಹಳ ಸಮಯ ಹಿಡಿಯಿತು. ಕ್ಯಾಲೆಂಡರ್ ಮುಂದಿಟ್ಟು ತೋಟದ ವರ್ಷವನ್ನೇ ಅವರಿಂದ ಹೇಳಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯನ್ನು ನಂಬುವಂತಿಲ್ಲ. ಡಿಸೆಂಬರ್ ಜನವರಿಯಲ್ಲಿ ಕೊಯ್ಲು: ಬೆಳಗಾದರೆ ಆಳುಗಳನ್ನು ಕರೆತರಬೇಕು, ಸಂಜೆ ಹಣ್ಣು ತೂಗಿ ಬರೆದಿಡಬೇಕು, ಆ ದಿನಗಳಲ್ಲಿ ಮಕ್ಕಳ ಹೋಂವರ್ಕ್ ನೋಡುವುದು ಯಾರು ಎಂದು ಅವರೇ ಕೇಳಿಕೊಂಡರು. ಏಪ್ರಿಲ್ ಮೇ ತಿಂಗಳಲ್ಲಿ ಕೆಲಸ ಹಗುರ, ಊರಿನ ಸುಗ್ಗಿ ಹಬ್ಬವೂ ಆಗಲೇ, ಶಾಲೆಗೂ ರಜೆ. ಹೀಗೆ ಹೊಸ ಯೋಜನೆ ವಾರದ ಬದಲು ಋತುವನ್ನು ಹಿಡಿದು ಬೆಳೆಯಿತು. ಮಳೆಗಾಲದಲ್ಲಿ ಮಕ್ಕಳು ಮಡಿಕೇರಿಯಲ್ಲಿ. ಬುಧವಾರ ತಂದೆ ಬಂದು ಶಾಲೆಯಿಂದ ಕರೆದುಕೊಂಡು ರಾತ್ರಿ ಅತ್ತೆಯ ಮನೆಯಲ್ಲಿ ಮಕ್ಕಳ ಜೊತೆ ಉಳಿಯುವುದು. ಅಕ್ಟೋಬರ್‌ನಿಂದ ಎರಡು ವಾರಕ್ಕೊಮ್ಮೆ ಶುಕ್ರವಾರದಿಂದ ಸೋಮವಾರದವರೆಗೆ ತೋಟ. ಬೇಸಿಗೆ ರಜೆಯ ಬಹುಪಾಲು ತೋಟ, ನಡುವೆ ಎರಡು ವಾರ ಅಮ್ಮನೊಂದಿಗೆ. ಎಣಿಸಿದರೆ ತಂದೆಗೆ ಅರ್ಧ ಬರುವುದಿಲ್ಲ. ಆದರೆ ಮೊದಲಿನ ವಾರದ ಪಾಳಿಯಲ್ಲಿ ಜೀಪಿನಲ್ಲಿ ಕಳೆಯುತ್ತಿದ್ದ ಬೆಳಗು ಸಂಜೆಗಳಿಗೆ ಬದಲಾಗಿ ಮಕ್ಕಳೊಡನೆ ನಿಜವಾಗಿ ಇರುವ ಹೊತ್ತು ಹೆಚ್ಚಿತು.

ತಾಯಿಯ ಕಡೆಯ ಗಂಟು ರಾತ್ರಿ ಪಾಳಿ. ಆ ರಾತ್ರಿಗಳಲ್ಲಿ ಮಕ್ಕಳನ್ನು ಪಕ್ಕದ ಮನೆಯವರಲ್ಲಿ ಬಿಡುತ್ತಿದ್ದರು. ಅಂಥ ದಿನ ಮೊದಲು ತನ್ನನ್ನು ಕೇಳಬೇಕು, ತಾನು ಬಂದು ಅತ್ತೆಯ ಮನೆಯಲ್ಲಿ ಮಕ್ಕಳೊಂದಿಗಿರುತ್ತೇನೆ ಎಂದರು ತಂದೆ. ನ್ಯಾಯವಾದ ಮಾತೇ. ಆದರೂ ಡ್ಯೂಟಿ ಪಟ್ಟಿಯನ್ನು ಕೊಡಲು ತಾಯಿ ಒಪ್ಪಲಿಲ್ಲ. ಅದೇ ಪಟ್ಟಿ ನಾಳೆ ಈಕೆಗೆ ಮಕ್ಕಳನ್ನು ನೋಡಿಕೊಳ್ಳಲಾಗದು ಎಂಬುದಕ್ಕೆ ಸಾಕ್ಷಿಯಾಗಿ ಕೋರ್ಟಿಗೆ ಬರುತ್ತದೆ ಎಂಬ ಭಯ. ಈ ಭಯ ಕಲ್ಪನೆಯದ್ದಲ್ಲ, ಅರ್ಜಿಯಲ್ಲೇ ಅಂಥ ಒಂದು ಸಾಲಿತ್ತು. ತಂದೆಯ ವಕೀಲರು ಆ ಸಾಲನ್ನು ಹಿಂತೆಗೆದುಕೊಂಡರು. ಒಬ್ಬರು ಇನ್ನೊಬ್ಬರ ಸಹಾಯ ಪಡೆದದ್ದನ್ನು ಯಾರೂ ಅಸಮರ್ಥತೆಯ ಪುರಾವೆಯಾಗಿ ಬಳಸಬಾರದು ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಸೇರಿಸಿದ ಮರುದಿನವೇ ಡ್ಯೂಟಿ ಪಟ್ಟಿ ಗುಂಪಿಗೆ ಬಂತು. ಸಹಾಯ ಕೇಳಿದರೆ ಕೇಸು ಸೋಲುತ್ತೇವೆ ಎಂಬ ಸ್ಥಿತಿ ಇರುವವರೆಗೆ ಯಾವ ತಂದೆ ತಾಯಿಯೂ ಒಟ್ಟಾಗಿ ಮಗುವನ್ನು ಸಾಕಲಾರರು. ಇಂಥ ಕೆಲಸ ಮಾಡುವ ಸಹೋದ್ಯೋಗಿಗಳು ಬೇರೆ ಯಾವ ಕಲಮನ್ನು ಬಿಟ್ಟರೂ ಇದನ್ನು ಬಿಡಬಾರದೆಂದು ನನ್ನ ಅಭಿಪ್ರಾಯ.

ಅಜ್ಜಿಯನ್ನು ಕರೆಯುವುದು ಬೇಡ, ಅವರಿಗೆ ನೋವಾಗುತ್ತದೆ ಎಂದು ತಂದೆ ಹೇಳಿದ್ದರು. ಆದರೂ ಅವರು ಬಂದರು, ಮಗಳ ಜೊತೆ, ಗಂಟಿನಲ್ಲಿ ಕಿತ್ತಳೆ ಕಟ್ಟಿಕೊಂಡು. ಮೊಮ್ಮಗ ಏನು ಹೇಳಿದ ಎಂದು ನಾನು ಹೇಳಲಿಲ್ಲ. ಮಕ್ಕಳನ್ನು ಇನ್ನೊಂದು ಮನೆಯ ಬಗ್ಗೆ ಕೇಳಿದರೆ ಅವರಿಗೆ ಏನಾಗುತ್ತದೆ ಎಂಬುದನ್ನಷ್ಟೇ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಂಗೂ ಅವಳು ಹನ್ನೆರಡು ವರ್ಷ ಸೊಸೆಯಾಗಿದ್ದವಳಲ್ವಾ ಅಮ್ಮಾ. ಹೇಗಿದ್ದಾಳೆ ಅಂತ ಇನ್ಯಾರನ್ನ ಕೇಳ್ಲಿ?” ಎಂದರು. ಪತ್ತೇದಾರಿಕೆ ಎಂದು ಎಲ್ಲರೂ ತಿಳಿದದ್ದರ ಒಳಗೆ ಇದಿತ್ತು. ಸೊಸೆ ಮತ್ತು ಅತ್ತೆ ನೇರವಾಗಿ ಫೋನಿನಲ್ಲಿ ಮಾತಾಡಬಹುದೇ ಎಂದು ತಾಯಿಯನ್ನು ಕೇಳಿದೆವು. ಆಗದು ಎಂದರು. ಅದನ್ನು ಅಲ್ಲಿಗೇ ಬಿಟ್ಟೆವು. ಅಜ್ಜಿಯ ಪ್ರಶ್ನೆಗಳು ಮಾತ್ರ ನಿಂತವು.

ಏನಾಯಿತು

ಒಪ್ಪಂದ ನ್ಯಾಯಾಲಯದಲ್ಲಿ ದಾಖಲಾಯಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯೂ ಅದರೊಂದಿಗೇ ಮುಂದುವರಿಯಿತು. ಪ್ರತಿ ಮೇ ತಿಂಗಳಲ್ಲಿ, ಶಾಲೆ ತೆರೆಯುವ ಮೊದಲು ಯೋಜನೆಯನ್ನು ಮರುಪರಿಶೀಲಿಸಬೇಕೆಂಬ ಮಾತನ್ನು ಸೇರಿಸಲಾಗಿತ್ತು. ಸುಪರ್ದಿಯ ಆದೇಶಗಳು ಮಗುವಿನ ಹಿತಕ್ಕೆ ತಕ್ಕಂತೆ ಬದಲಾಗಬಲ್ಲವು ಎಂಬುದನ್ನು ಎಷ್ಟೋ ತಂದೆ ತಾಯಿಗಳು ತಿಳಿದಿರುವುದಿಲ್ಲ, ಆದ್ದರಿಂದಲೇ ಮೊದಲ ದಿನವೇ ಎಲ್ಲವನ್ನೂ ಗೆದ್ದುಬಿಡಬೇಕೆಂದು ಹಟ ಹಿಡಿಯುತ್ತಾರೆ.

ತಮ್ಮನ ಹೊಟ್ಟೆನೋವು ದಸರಾ ರಜೆಯ ಹೊತ್ತಿಗೆ ಹೋಯಿತು. ಹಾಸಿಗೆ ಒದ್ದೆಯಾಗುವುದು ಇನ್ನೂ ಕೆಲವು ತಿಂಗಳು ಆಗೊಮ್ಮೆ ಈಗೊಮ್ಮೆ ಇತ್ತು. ಯಾರೂ ಅದನ್ನು ಪುಸ್ತಕದಲ್ಲಿ ಆರೋಪವಾಗಿ ಬರೆಯಲಿಲ್ಲ. ಅಕ್ಕನಿಗೆ ಹೆಚ್ಚು ಕಾಲ ಬೇಕಾಯಿತು. ಮಾತು ಹೊರುವ ಕೆಲಸ ಕೈತಪ್ಪಿದ ಮೇಲೆ ಅವಳು ಮೊದಮೊದಲು ಸಿಡುಕಿಯಾದಳು, ಅಂಕ ಇಳಿಯಿತು, ಎರಡೂ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಯೋಜನೆಯೇ ಕೆಟ್ಟಿತು ಎಂದು ತಾಯಿ ಗಾಬರಿಯಾದರು. ನನಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿತು: ಎಲ್ಲರನ್ನೂ ಸಮಾಧಾನದಲ್ಲಿಡುವ ಹೊಣೆ ಇಳಿಸಿದ ಮಗುವಿಗೆ ತನ್ನ ಸಿಟ್ಟು ನೆನಪಾಗಿತ್ತು.

ಎರಡನೆಯ ವರ್ಷ ಅವಳು ಶಾಲೆಯ ಹಾಕಿ ತಂಡಕ್ಕೆ ಸೇರಿದಳು. ಶನಿವಾರ, ಭಾನುವಾರ ಅಭ್ಯಾಸ. ತೋಟಕ್ಕೆ ಹೋಗುವ ವಾರಾಂತ್ಯಗಳೆಲ್ಲ ಅದಕ್ಕೆ ಅಡ್ಡ. ಅವಳು ಈ ಬಾರಿ ಯಾರ ಮಾತನ್ನೂ ಮೃದುಗೊಳಿಸದೆ, ಮೇ ತಿಂಗಳ ಭೇಟಿಯಲ್ಲಿ ತಾನೇ ಕೂತು ಹೇಳಿದಳು: ಹಾಕಿ ಇರುವಾಗ ತೋಟಕ್ಕೆ ಬರಲಾಗುವುದಿಲ್ಲ. ತಂದೆಗೆ ಅದು ನಾಟಿತು. ಅಮ್ಮ ಹೇಳಿಕೊಟ್ಟರಾ ಎಂಬ ಹಳೆಯ ಪ್ರಶ್ನೆ ಅವರ ಬಾಯಿಗೆ ಬಂದದ್ದು ಕಾಣಿಸಿತು. ಕೇಳಲಿಲ್ಲ. ಮೈದಾನಕ್ಕೆ ತಾನು ಬರಬಹುದೇ ಎಂದಷ್ಟೇ ಕೇಳಿದರು. ಈಗ ಪಂದ್ಯದ ದಿನ ಜೀಪು ಮೈದಾನದ ಬದಿಯಲ್ಲಿರುತ್ತದೆ. ತಾಯಿಯೂ ಬಂದರೆ ಇನ್ನೊಂದು ಬದಿಯಲ್ಲಿ ಕೂರುತ್ತಾರೆ.

ಇದರಿಂದ ಹೊಸ ಪ್ರಶ್ನೆ ಹುಟ್ಟಿತು. ತಮ್ಮ ಒಬ್ಬನೇ ತೋಟಕ್ಕೆ ಹೋಗಬೇಕೇ? ಅಕ್ಕತಮ್ಮಂದಿರನ್ನು ಬೇರೆ ಮಾಡಬಾರದು ಎಂಬುದು ಸಾಮಾನ್ಯವಾಗಿ ಒಳ್ಳೆಯ ನಿಯಮ, ತಾಯಿ ಅದನ್ನೇ ಹಿಡಿದರು. ಇಲ್ಲಿ ನಾನು ಬೇರೆ ಸಲಹೆ ಕೊಟ್ಟೆ. ಅಕ್ಕ ಜೊತೆಗಿರುವವರೆಗೆ ತಮ್ಮನ ತಾಯಿಯ ಸ್ಥಾನದಲ್ಲಿ ಅವಳೇ ನಿಲ್ಲುತ್ತಾಳೆ, ಅಪ್ಪನೂ ಮಗನೂ ಒಬ್ಬರನ್ನೊಬ್ಬರು ಅವಳ ಮೂಲಕವೇ ಕಾಣುತ್ತಾರೆ. ದಸರಾ ರಜೆಯಲ್ಲಿ ಪ್ರಯತ್ನಿಸಿ ನೋಡುವುದೆಂದಾಯಿತು. ಎರಡನೆಯ ರಾತ್ರಿ ಅವನು ಅಕ್ಕನಿಗೆ ಫೋನ್ ಮಾಡಿಸಿ ಅತ್ತ. ಮೂರನೆಯ ದಿನ ಅಪ್ಪನೊಡನೆ ಮೆಣಸಿನ ಬಳ್ಳಿ ಕಟ್ಟುವುದರಲ್ಲಿ ಫೋನ್ ಮರೆತ. ಪಂದ್ಯವಿಲ್ಲದ ವಾರಾಂತ್ಯ ಇಬ್ಬರೂ, ಇದ್ದರೆ ಅವನೊಬ್ಬನೇ ಎಂದು ಈಗಿನ ಯೋಜನೆಯಲ್ಲಿದೆ. ಫೀಸಿನ ಪಾಲಿನ ಲೆಕ್ಕ ಮಾತ್ರ ಇನ್ನೂ ತೀರಿಲ್ಲ. ಕಾಫಿಯ ಬೆಲೆ ಏರಿದ ಮೇಲೆ ಅದನ್ನು ಮರುಹಂಚಬೇಕೆಂಬ ತಾಯಿಯ ಬೇಡಿಕೆ ಮುಂದಿನ ಮೇ ತಿಂಗಳ ಭೇಟಿಗೆ ಬರಲಿದೆ.